ಹುಳುಮನೆಯಲ್ಲಿ ಬ್ಲೂಸ್

ಸುಣ್ಣದ ಪುಡಿಯ ವಾಸನೆಗೆ ಇವತ್ತಿಗೂ ಚಿಕ್ಕಪ್ಪನ ಆ ದರಿದ್ರ ಸಿ.ಡಿ. ನೆನಪಾಗುತ್ತದೆ.

ಚಿಂತಾಮಣಿಯಿಂದ ತಂದಿದ್ದ, ಯಾವುದೋ ಹಾರ್ಡ್ ರಾಕ್ ಬ್ಯಾಂಡಿನ, ಹಳೆಯ ಬ್ಲೂಸ್ ಹಾಡುಗಳೇ ತುಂಬಿದ್ದ ಮೊದಲ ಆಲ್ಬಂ ಅದು. ಇಂಗ್ಲಿಷಿನಲ್ಲೇ ಎರಡು ಸಲ ಡುಮ್ಕಿ ಹೊಡೆದಿದ್ದ ಆ ಮಹಾನುಭಾವ ಮಟಮಟ ಮಧ್ಯಾಹ್ನ ರೇಷ್ಮೆಹುಳುಮನೆ ಬಾಗಿಲಲ್ಲಿ ಅದನ್ನು ಜೋರಾಗಿ ಹಾಕಿ, "ಅಮೆರಿಕದ ದಕ್ಷಿಣದ ಬ್ಲೂಸ್ ಕಣ್ರೋ, ನಿಮಗೆಲ್ಲಿ ಅರ್ಥವಾಗಬೇಕು" ಎಂದು ತಾಳ ತಪ್ಪಿ ತಲೆ ಕುಣಿಸಿದ.

ಹುಳುಗಳು ಜ್ವರಕ್ಕೆ ಕೂತಿದ್ದವು. ಅವು ಪೊರೆ ಬಿಡುವ ಆ ಹೊತ್ತಿನಲ್ಲಿ ನಮ್ಮಲ್ಲಿ ಯಾರೂ ಗಟ್ಟಿಯಾಗಿ ಕೆಮ್ಮುವುದೂ ಇಲ್ಲ. ತಟ್ಟೆಗಳಿಗೆ ಸುಣ್ಣ ಉದುರಿಸುತ್ತಿದ್ದ ಕೂಲಿಯ ಮುನಿಯಮ್ಮ, "ಒಸಿ ಸೌಂಡು ಕಮ್ಮಿ ಮಾಡಪ್ಪ" ಎಂದಳು. ಆಮೇಲೆ ಕಿವಿಗೊಟ್ಟು, "ಪಾಪ, ಕೂಲಿ ಮಾಡಿ ಸಾಕಾದೋನು ಯಾರೋ ಅಳ್ತಾವ್ನೆ" ಎಂದಳು.

"ಥೂ, ಹಳ್ಳಿ ಗುಗ್ಗು!" ಎಂದು ಚಿಕ್ಕಪ್ಪ ನಕ್ಕ.

ಬ್ಲೂಸ್ ಹುಟ್ಟಿದ್ದೇ ಅಲ್ಲಿನ ಹತ್ತಿ ಹೊಲಗಳಲ್ಲಿ ದುಡಿದು ಸೋತ ಕರಿಯ ಕೂಲಿಗಳ ಅಳಲಿನಿಂದ ಎಂದು ನನಗೆ ಗೊತ್ತಾಗಿದ್ದು ಎಷ್ಟೋ ವರ್ಷಗಳ ಮೇಲೆ. ಅವತ್ತು ಮುನಿಯಮ್ಮನ ಕೈ ಆ ಹಾಡಿನ ತಾಳಕ್ಕೇ ಸುಣ್ಣ ಉದುರಿಸುತ್ತಿತ್ತು. ನಾನು ಚಿಕ್ಕಪ್ಪನಿಗಿಂತ ಜೋರಾಗಿ ನಕ್ಕಿದ್ದೆ.