ಸಣ್ಣ ಸೊಂಟದ ದುಡಿಮೆಗಾರರು

“ಆ ದಪ್ಪನೆಯ ಕಣಜಗಳನ್ನೆಲ್ಲ ಇವತ್ತೇ ಸಾಯಿಸಿ,” ಎಂದು ಹೊಸ ಮ್ಯಾನೇಜರು ಮೂಗು ಹಿಡಿದುಕೊಂಡೇ ಆಜ್ಞೆ ಮಾಡಿದ. ಹುಳ ಕಚ್ಚಿದ ಮೂಗು ಬದನೆಕಾಯಿಯಾಗಿತ್ತು. ಯಜಮಾನರ ಅಳಿಯನೆಂಬ ಒಂದೇ ಅರ್ಹತೆಯ ಮೇಲೆ ಅವನು ಟೊಮೆಟೊ ಬೆಳೆಯುವ ಆ ಗಾಜಿನಮನೆಗೆ ಬಂದು ವಾರವಾಗಿತ್ತಷ್ಟೆ.

ಗಿಡ ನೋಡಿಕೊಳ್ಳುವ ಹೆಂಗಸು, ಎಲ್ಲರ ಬಾಯಲ್ಲಿ ಗಿಡದಕ್ಕ, ಸಾಲಿನ ತುದಿಯಲ್ಲಿದ್ದ ಹುಳಗಳ ಪೆಟ್ಟಿಗೆಯತ್ತ ನೋಡಿದಳು. ಮಾತಾಡಿದರೆ ಕೆಲಸ ಹೋದೀತು; ಆಡದಿದ್ದರೆ ಬೆಳೆ ಹೋಗಿ, ಆಮೇಲೆ ಕೆಲಸ ಹೋದೀತು.

“ಸಾರ್, ಪೆಟ್ಟಿಗೆಯಲ್ಲಿರೋವು ದುಂಬಿ. ನಾವೇ ತರಿಸಿ ಸಾಕಿರೋದು. ಮೈತುಂಬ ರೋಮ ನೋಡಿ. ನಿಮ್ಮನ್ನ ಕಚ್ಚಿದ್ದು ಕಣಜ. ಅದಕ್ಕೆ ನುಣ್ಣನೆ ಮೈ, ಸಣ್ಣ ಸೊಂಟ. ಕಚೇರಿ ಸೂರಲ್ಲಿ ಗೂಡು ಕಟ್ಟಿದೆಯಲ್ಲ, ಅದು.”

“ಅವಾ? ಎಷ್ಟು ಲಕ್ಷಣವಾಗಿವೆ! ದುಡಿಯೋರ ಮೈಕಟ್ಟೇ ಹಾಗಿರತ್ತೆ. ಇವನ್ನ ನೋಡು, ತಿಂದು ತಿಂದು ಹೊಟ್ಟೆ ಬೆಳೆಸಿವೆ,” ಎನ್ನುತ್ತ ಅವನು ಹೊಟ್ಟೆಯಿಂದ ಜಾರುತ್ತಿದ್ದ ಬೆಲ್ಟನ್ನು ಮೇಲೆಳೆದುಕೊಂಡ.

“ಅಲ್ಲಾ ಸಾರ್, ದುಂಬಿ ಇಲ್ಲದಿದ್ರೆ...”

“ಏನಮ್ಮಾ, ನಾಳೆಯಿಂದ ಕೆಲಸ ಬೇಕೋ, ಬೇಡ್ವೋ?”

ಅವಳು ಬಾಯಿ ಮುಚ್ಚಿದಳು. ಔಷಧಿ ಪಂಪು ಬಾಯಿ ತೆರೆಯಿತು.

ಹತ್ತನೆಯ ದಿನ ಯಜಮಾನರು ಬಂದಾಗ ಸಾಲುಗಳ ನಡುವೆ ಕಾಯಿಗಟ್ಟದೆ ಉದುರಿದ ಹೂವಿನ ಹಾಸು.

“ಎಲ್ಲ ಇವಳದೇ ನಿರ್ಲಕ್ಷ್ಯ, ಮಾವ. ಇವತ್ತೇ ಮನೆಗೆ ಕಳಿಸಿಬಿಡೋಣ,” ಎಂದ ಅಳಿಯ.

ಹೇಗೂ ಹೋಗುವ ಕೆಲಸ ಎಂದಮೇಲೆ ಅವಳ ನಾಲಿಗೆಗೆ ಧೈರ್ಯ ಬಂತು. “ಯಜಮಾನ್ರೇ, ಗಾಜಿನೊಳಗೆ ಗಾಳಿ ಆಡಲ್ಲ. ದುಂಬಿ ಹೂವಿಗೆ ಜೋತುಬಿದ್ದು ಗುಂಯ್ ಅಂತ ಮೈ ನಡುಗಿಸಿದ್ರೇನೇ ಪರಾಗ ಉದುರೋದು. ಅವನ್ನ ಸಾರ್ ಸಾಯಿಸಿದ್ರು. ಹೊಸ ಪೆಟ್ಟಿಗೆ ಬರೋಕೆ ಎರಡು ವಾರ. ಅಲ್ಲೀತನಕ ಒಂದೊಂದು ಹೂವನ್ನೂ ಯಾರಾದ್ರೂ ಕೈಯಲ್ಲೇ ನಡುಗಿಸಬೇಕು.”

“ಯಾವುದರಿಂದ?”

“ಬ್ಯಾಟರಿಯ ಹಲ್ಲುಜ್ಜೋ ಬ್ರಷ್ಷಾದ್ರೂ ಆಗತ್ತೆ.”

ಯಜಮಾನರು ಅಳಿಯನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. “ಅಳಿಯಂದ್ರೇ, ನಿಮ್ಮ ಹತ್ರ ಒಂದಿದೆಯಲ್ಲ?”

ಮರುದಿನ ಬೆಳಿಗ್ಗೆ ಏಳಕ್ಕೆ ಮ್ಯಾನೇಜರು ಮೊದಲ ಸಾಲಿನಲ್ಲಿ ಬ್ರಷ್ ಹಿಡಿದು, ಬಗ್ಗಿ, ಬೆವರಿ, ನಾಲ್ಕನೆಯ ಗಿಡಕ್ಕೇ ಏದುಸಿರು ಬಿಡುತ್ತ ನಿಂತಿದ್ದ. ಗಿಡದಕ್ಕ ಹಿಂದಿನಿಂದ ಬಂದು ತುಂಬ ವಿನಯದಿಂದ ಹೇಳಿದಳು:

“ನಿಲ್ಲಬೇಡಿ ಸಾರ್. ಆ ಹೊಟ್ಟೆಬಾಕ ದುಂಬಿಗಳು ಇಷ್ಟೊತ್ತಿಗೆ ಐದನೇ ಸಾಲಲ್ಲಿ ಇರ್ತಿದ್ವು.”