ಮಗನ ಕೈಗೆ ಕ್ಷೌರದ ಕತ್ತಿ

"ನಾನೇ ಮಾಡ್ಲಾ ಅಪ್ಪಾ?" ಎಂದು ಮಗ ಕೇಳಿದಾಗ ಕ್ಷೌರಿಕ ಕನ್ನಡಿಯಲ್ಲೇ ಅವನ ಮುಖ ನೋಡಿದ. ಲಕ್ವ ಹೊಡೆದ ಬಲಗೈ ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು. ಎಡಗೈಯ ಕತ್ತಿ ನೊರೆಯಲ್ಲಿ ದಾರಿ ತಪ್ಪಿ ಆಗಲೇ ಕೆನ್ನೆ ಕೊಯ್ದಿತ್ತು. ಅಂಗಡಿ ಮುಚ್ಚಿ ತಿಂಗಳಾಗಿತ್ತು.

"ಊರೋರ ಗಡ್ಡವೆಲ್ಲ ಬೋಳಿಸಿದ್ರಿ, ನಿಮ್ಮ ಗಡ್ಡಕ್ಕೆ ಮುಹೂರ್ತ ನೋಡ್ತಾ ಕೂತ್ರಾ? ಅವನ ಕೈಗೆ ಕೊಡಿ," ಎಂದಳು ಬಾಗಿಲಲ್ಲಿ ನಿಂತ ಹೆಂಡತಿ.

ಇಷ್ಟು ವರ್ಷ ಕೊಟ್ಟಿರಲಿಲ್ಲ. ಮಗನಿಗಿನ್ನೂ ಹಾಲುಹಲ್ಲು ಇದ್ದಾಗ ಆಸ್ಪತ್ರೆಯವರು ಅವನ ಎಂಜಲು ತೆಗೆದುಕೊಂಡು, ವಂಶವಾಹಿಗಳ ಸಾವಿರಾರು ಸಣ್ಣಪುಟ್ಟ ಗುರುತುಗಳನ್ನು ಕೂಡಿಸಿ, ಒಂದೊಂದು ಕಾಯಿಲೆಗೆ ಒಂದೊಂದು ಅಂಕ ಕೊಟ್ಟಿದ್ದರು. ಸಕ್ಕರೆ ಕಾಯಿಲೆಗೆ ಕಡಿಮೆ, ಹೃದಯದ್ದಕ್ಕೆ ಕಡಿಮೆ. ಕೈಮೀರುವ ಸಿಟ್ಟಿಗೆ ಮಾತ್ರ ಬಹಳ ಹೆಚ್ಚು. "ಇದು ಬರೀ ಸಾಧ್ಯತೆ. ಹೀಗೇ ಆಗುತ್ತೆ ಅಂತಲ್ಲ," ಎಂದು ಡಾಕ್ಟರಮ್ಮ ಒತ್ತಿ ಹೇಳಿದ್ದರು. ಹಣೆಬರಹ ಓದಬಲ್ಲವನು ಮೇಲಿನವನೊಬ್ಬನೇ ಎಂದು ನಂಬಿ ಬಾಳಿದ ಮನುಷ್ಯ, ಅಂದು ಅಂಕವನ್ನು ಮನೆಗೆ ತಂದ. ಡಾಕ್ಟರಮ್ಮನ ಮಾತನ್ನು ಅಲ್ಲೇ ಬಿಟ್ಟು ಬಂದ.

ಹುಡುಗ ಬ್ರಷ್ ಮುಟ್ಟಿದರೆ ಅಪ್ಪ ನಗುತ್ತಿದ್ದ, ಕತ್ತಿ ಮುಟ್ಟಿದರೆ ಗದರುತ್ತಿದ್ದ. ಕೇಳಿದವರಿಗೆ "ಅವನಿಗೆ ಈ ಕೆಲಸ ಒಗ್ಗಲ್ಲ" ಎನ್ನುತ್ತಿದ್ದ. ಮಗ ಗೋದಾಮಿನಲ್ಲಿ ಪೆಟ್ಟಿಗೆ ಹೊರಲು ಸೇರಿದ. ಮೇಸ್ತ್ರಿ ಬಾಯಿಗೆ ಬಂದಂತೆ ಬೈದರೂ ಅವನು ದನಿ ಎತ್ತಿದ್ದನ್ನು ಯಾರೂ ಕೇಳಲಿಲ್ಲ. ಆದರೂ ಅಪ್ಪ ಬೂದಿಯೊಳಗೆ ಕೆಂಡ ಇದ್ದೀತೆಂದೇ ಕಾದ.

ಈಗ ಕತ್ತಿ ಕೊಟ್ಟ. ಮಗ ಅದರ ಬಾಯಿಯನ್ನು ಚರ್ಮದ ಪಟ್ಟಿಗೆ ಹಿಂದೆ ಮುಂದೆ ಎಳೆದು ಮಸೆದ. ಹದ ತಪ್ಪಲಿಲ್ಲ.

"ಯಾರು ಹೇಳಿಕೊಟ್ರೋ?"

"ಅಂಗಡಿ ಬೆಂಚಿನ ಮೇಲೆ ಕೂರಿಸ್ತಿದ್ಯಲ್ಲ. ನೋಡ್ಬೇಡ ಅಂತ ಹೇಳಿರ್ಲಿಲ್ಲ."

ಅಪ್ಪನ ಕಣ್ಣು ತುಂಬಿತು. "ಎಂದೋ ಕೊಡಬೇಕಿತ್ತು ಕಣೋ ನಿನ್ನ ಕೈಗೆ. ಅಂಗಡಿ ಇನ್ನು ನಿಂದೇ. ನಂಗೇನೂ ಭಯ ಇಲ್ಲ," ಎಂದು ಕತ್ತೆತ್ತಿ, ಗಂಟಲು ಒಡ್ಡಿ, ಕಣ್ಣು ಮುಚ್ಚಿದ.

ಕತ್ತಿಯ ತಣ್ಣನೆಯ ಸ್ಪರ್ಶಕ್ಕೆ ಕಾದ. ಅದು ಬರಲಿಲ್ಲ.

"ಯಾಕೋ ನಿಂತೆ?"

"ನನ್ನ ಮಣಿಕಟ್ಟು ಬಿಡಪ್ಪಾ," ಮಗ ಮೆಲ್ಲಗೆ ಹೇಳಿದ. "ಗಟ್ಟಿಯಾಗಿ ಹಿಡ್ಕೊಂಡಿದೀಯ."