ಬೀಗ ಹಾಕಿದ ನೀರು

ಈಗಲೂ ನಲ್ಲಿ ಬುಸ್ಸೆಂದು ಬರೀ ಗಾಳಿ ಉಗುಳಿದರೆ ನಾನು ಕೂತಲ್ಲಿ ಕೂರಲಾರೆ.

ಕೋಲ್ಕತ್ತಾದ ಜಾದವ್‌ಪುರದ ಬಾಡಿಗೆ ಮನೆಯಲ್ಲಿ ಒಂದು ಮಧ್ಯಾಹ್ನ ಹಾಗೇ ಆಗಿತ್ತು. ಮಹಡಿಯ ಎರಡೂ ಮನೆಗಳನ್ನು ಖಾಲಿ ಮಾಡಿಸಬೇಕೆಂದು ಕೆಳಗಿದ್ದ ಮಾಲೀಕರು ನೀರಿನ ವಾಲ್ವಿಗೆ ಬೀಗ ಹಾಕಿದ್ದರು. ಅಮ್ಮನ ಬೆರಳಿಗೆ ಮೆತ್ತಿದ್ದ ರಾಗಿ ಹಿಟ್ಟು ಒಣಗಿ ಬಿರಿಯುತ್ತಿತ್ತು. ನಾನು ಖಾಲಿ ಬಕೆಟ್ ಹಿಡಿದು ಸುಮ್ಮನೆ ಮೆಟ್ಟಿಲು ಹತ್ತಿಳಿಯುತ್ತಿದ್ದೆ.

"ಅಪ್ಪಾ, ಹೋಗಿ ಕೇಳಿ."

"ಪರಸ್ಥಳ ಮಗಾ, ಸುಮ್ನಿರು. ನಮ್ಮ ಮಾತು ಯಾರು ಕೇಳ್ತಾರೆ?"

ಪಕ್ಕದ ಮನೆಯಲ್ಲಿ ಕಾನೂನು ಓದುತ್ತಿದ್ದ ದೀದಿಗೂ ನೀರಿರಲಿಲ್ಲ. ಅವಳು ದಪ್ಪ ಪುಸ್ತಕವೊಂದನ್ನು ಹಿಡಿದು ಕೆಳಗಿಳಿದಳು. ಬಾಡಿಗೆದಾರರ ನೀರು ನಿಲ್ಲಿಸುವುದು ಕಾನೂನಿಗೆ ವಿರುದ್ಧವೆಂದು ಪುಟ ತೆರೆದು ತೋರಿಸಿದಳು. ದನಿ ಕೂಡ ಏರಿಸಲಿಲ್ಲ. ಮಾಲೀಕರು ಗೊಣಗುತ್ತಾ ಬೀಗ ತೆಗೆದರು.

ಅಪ್ಪ ಓಡಿಹೋಗಿ ಅವರಿಗೆ ಕೈಮುಗಿದು, "ಸಾರಿ ದಾದಾ" ಎಂದರು.

ನೀರು ಬಂತು. ದೀದಿ ಒಂದೇ ಒಂದು ಬಾಟಲಿ ತುಂಬಿಕೊಂಡು ಓದಲು ಹೋದಳು. ನಾವು ಬಕೆಟ್, ಕೊಡ, ಕುಕ್ಕರ್, ಕೊನೆಗೆ ದೇವರ ಮುಂದಿನ ಪಂಚಪಾತ್ರೆಯನ್ನೂ ತುಂಬಿಟ್ಟೆವು.